ಐದು ಡಾಲರಿನ ಟಿಕೆಟ್ಟು

ಪ್ರಶ್ನೆ: ದೊಡ್ಡ ಕಂಪನಿಯ ಬೆಂಬಲವಿಲ್ಲದೆ ಊರೂರು ತಿರುಗುವ ಸಂಗೀತ ತಂಡವೊಂದು ನಿಷ್ಠಾವಂತ ಅಭಿಮಾನಿಗಳನ್ನು ಗಳಿಸಿಕೊಳ್ಳುವುದು ಹೇಗೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 1987ರಲ್ಲಿ ಹುಟ್ಟಿದ ಫುಗಾಜಿ ತಂಡವನ್ನೇ ನೋಡಿ. ಗಾಯಕ ಇಯಾನ್ ಮೆಕಾಯ್ ಸಹಸ್ಥಾಪಕರಾಗಿದ್ದ ಡಿಸ್ಕಾರ್ಡ್ ಎಂಬ ಸಣ್ಣ ಸಂಸ್ಥೆಯಿಂದಲೇ ಧ್ವನಿಮುದ್ರಿಕೆಗಳನ್ನು ಹೊರತಂದ ಈ ತಂಡ, ಟಿಕೆಟ್ ದರವನ್ನು ಸಾಮಾನ್ಯವಾಗಿ 5 ಡಾಲರಿನ ಆಸುಪಾಸಿನಲ್ಲಿಟ್ಟು, ಹದಿಹರೆಯದವರಿಗೂ ಪ್ರವೇಶವಿರುವ ಜಾಗಗಳನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಮದ್ಯ ಮಾರುವ ಕ್ಲಬ್ಬುಗಳು ಎಳೆಯರನ್ನು ಬಾಗಿಲಲ್ಲೇ ತಡೆಯುವ ಆ ದೇಶದಲ್ಲಿ ಇದು ಸಣ್ಣ ಮಾತಲ್ಲ. ಸಭಿಕರಲ್ಲಿ ಯಾರಾದರೂ ಅಕ್ಕಪಕ್ಕದವರನ್ನು ಗುದ್ದಿದರೆ ಹಾಡು ನಿಲ್ಲಿಸಿ, ಟಿಕೆಟ್ಟಿನ ಹಣವಿದ್ದ ಲಕೋಟೆಯನ್ನು ಕೈಗಿತ್ತು ಹೊರಗೆ ಕಳುಹಿಸುತ್ತಿದ್ದರು. (ಗಲಾಟೆ ಮಾಡಿದವನಿಗೆ ದುಡ್ಡು ವಾಪಸಾದದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ!) 2011ರಿಂದ ಅವರು ತಮ್ಮ ನೂರಾರು ಹಳೆಯ ಕಛೇರಿಗಳ ಧ್ವನಿಮುದ್ರಣಗಳನ್ನು ಅಂತರ್ಜಾಲದಲ್ಲಿ ಮಾರಾಟಕ್ಕಿಟ್ಟಾಗ, ಒಂದೊಂದಕ್ಕೂ ಸೂಚಿಸಿದ ಬೆಲೆ ಮತ್ತದೇ 5 ಡಾಲರು.