ಒಂಬತ್ತು ಕಾಲೇಜು, ಮೂರು ದಿನ, ಒಂದು ಕಾರು

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ. ಮಗಳು ಸೈನ್ಸ್ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾಳೆ. ಎಂಜಿನಿಯರಿಂಗೋ ಕೃಷಿಯೋ ಇನ್ನೂ ಗಟ್ಟಿಯಾಗಿಲ್ಲ. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸುವುದಕ್ಕೆ ಮೊದಲು, ಕಾರಿನಲ್ಲಿ ಕಾಲೇಜುಗಳನ್ನೆಲ್ಲ ನೋಡಿ ಬರೋಣ ಅಂತ ನಮ್ಮ ಯಜಮಾನರು ಹೊರಟಿದ್ದಾರೆ. ಹುಬ್ಬಳ್ಳಿ, ಧಾರವಾಡ, ಕಾರವಾರ, ಭಟ್ಕಳ, ಮಣಿಪಾಲ, ಸುರತ್ಕಲ್, ಮಂಗಳೂರು ಸೇರಿ ಒಂಬತ್ತು ಕಾಲೇಜಿನ ಪಟ್ಟಿ ಆಗಿದೆ. ಇರುವುದು ಮೂರು ದಿನ. ಹೇಗೆ ಹೊಂದಿಸುವುದು?
– ಒಬ್ಬ ತಾಯಿ, ಶಿರಸಿ ತಾಲೂಕು

ಉತ್ತರ: ಹೊಂದಿಸಬೇಡಿ. ಮೂರು ದಿನದಲ್ಲಿ ಒಂಬತ್ತು ನೋಡಿದರೆ ಮಗಳಿಗೆ ನೆನಪಿರುವುದು ಒಂಬತ್ತು ಗೇಟು, ಮತ್ತೆ ಅಪ್ಪ ಪಾರ್ಕಿಂಗ್ ಹುಡುಕಿದ್ದು.

ಮೊದಲು ಮನೆಯಲ್ಲೇ ಕೂತು ಪಟ್ಟಿಗೆ ಕತ್ತರಿ ಹಾಕಿ. ಸುರತ್ಕಲ್ಲಿನ ಎನ್‌ಐಟಿಕೆಗೆ ಸಿಇಟಿ ನಡೆಯುವುದಿಲ್ಲ, ಜೆಇಇ ಮೇನ್ ಬೇಕು. ಮಣಿಪಾಲದ ಎಂಐಟಿಗೆ ಅವರದ್ದೇ ಪ್ರವೇಶ ಪರೀಕ್ಷೆ ಇದೆ. ನಿಮ್ಮ ಪತ್ರದಲ್ಲಿರುವುದು ಸಿಇಟಿ ಒಂದೇ. ಮಗಳು ಉಳಿದವನ್ನು ಬರೆದಿಲ್ಲ ಅಂತಾದರೆ ಈ ಎರಡೂ ಊರು ಇವತ್ತೇ ಪಟ್ಟಿಯಿಂದ ಹೋಗಲಿ. ಸುರತ್ಕಲ್ ಕ್ಯಾಂಪಸ್ಸಿಗೆ ತನ್ನದೇ ಕಡಲ ದಂಡೆ ಇದೆ, ಚಂದವೂ ಇದೆ. ಆದರೆ ಕಡಲು ನೋಡಲು ನಿಮಗೆ ಕುಮಟಾ ಸಾಕಲ್ವಾ?

ಕೃಷಿ ಅಂದಿರಿ. ಹಾಗಾದರೆ ಶಿರಸಿಯಲ್ಲೇ ಇರುವ ಅರಣ್ಯ ಕಾಲೇಜು ಪಟ್ಟಿಯಲ್ಲಿ ಯಾಕಿಲ್ಲ? ಬನವಾಸಿ ರಸ್ತೆಯಲ್ಲಿದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಸಿಇಟಿ ಮೂಲಕವೇ ಸೀಟು, ನಾಲ್ಕು ವರ್ಷದ ಬಿಎಸ್ಸಿ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ಇಷ್ಟು ನೆಟ್ಟಗೆ ಹೊಂದುವ ಜಾಗ ನಾನು ಬೇರೆ ಕಂಡಿಲ್ಲ. ಅಲ್ಲಿಗೆ ಮಗಳು ಸ್ಕೂಟಿಯಲ್ಲಿ ಒಬ್ಬಳೇ ಹೋಗಿ ಬರಲಿ. ಕಾರು ಬೇಡ.

ಉಳಿದ ಊರುಗಳು ಒಂದೇ ದಾರಿಯಲ್ಲಿಲ್ಲ. ಹುಬ್ಬಳ್ಳಿ ಶಿರಸಿಯಿಂದ ಸುಮಾರು 100 ಕಿ.ಮೀ., ಧಾರವಾಡ ಅಲ್ಲಿಂದ ಇನ್ನೂ 20. ಇನ್ನೊಂದು ಕಡೆ ಘಟ್ಟ ಇಳಿದು ಕುಮಟಾ ತಲುಪಿದಿರಿ ಅನ್ನಿ, ಕಾರವಾರ ಬಲಕ್ಕೆ, ಭಟ್ಕಳ, ಮಂಗಳೂರು ಎಡಕ್ಕೆ. ಮೂರು ದಿಕ್ಕು, ಮೂರು ದಿನ ಅಂತ ಲೆಕ್ಕ ಹಾಕಬೇಡಿ. ಒಂದು ದಿಕ್ಕು ಕೈಬಿಡಿ. ಯಾವುದನ್ನು ಬಿಡಬೇಕೆಂದು ಮಗಳು ಹೇಳಲಿ. ಎಂಜಿನಿಯರಿಂಗೋ ಕೃಷಿಯೋ ಎನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಘಟ್ಟದ ವಿಷಯ. ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ಎಳೆದದ್ದು ನಿಮಗೆ ನಾನು ಹೇಳಬೇಕಿಲ್ಲ. ಹಿಂದಿನ ದಿನ ವಿಚಾರಿಸಿ. ಆಗದಿದ್ದರೆ ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪೆ ಮೇಲೆ ಹೊನ್ನಾವರಕ್ಕೆ ಇಳಿಯಿರಿ. ಮಳೆ ಹಿಡಿದಿದ್ದರೆ ಕತ್ತಲಲ್ಲಿ ಮಾತ್ರ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ನಾನಂತೂ ಮಳೆಗಾಲದಲ್ಲಿ ಕಾರವಾರದಿಂದ ಕುಮಟಾಕ್ಕೆ ಹೋಗುವುದಿದ್ದರೂ ಬೆಳಕಿರುವಾಗಲೇ ಮುಗಿಸುತ್ತೇನೆ.

ಹೀಗೆ ಹೇಳಿಯೂ, ನಿಮ್ಮ ಪ್ರವಾಸ ಒಂದು ಮಳೆ ಕಂಡ ಮೇಲೆ ಇರಲಿ ಅಂತಲೇ ಹೇಳುತ್ತೇನೆ. ನಾವು ಮಗನಿಗೆ ಕಾಲೇಜು ನೋಡಿದ್ದು ಮೇ ತಿಂಗಳ ಒಂದು ಭಾನುವಾರ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ ನಾನೇ ಭಾನುವಾರ ಹೋದೆ, ನೋಡಿ! ವಾಚ್‌ಮನ್ ಬೀಗ ತೆಗೆದು ಹಾಸ್ಟೆಲ್ಲಿನ ಒಂದು ಕೋಣೆ ತೋರಿಸಿದ. ಹೊಸ ಬಣ್ಣ, ಹೊಸ ಫ್ಯಾನು. ಜುಲೈನಲ್ಲಿ ಅವನನ್ನು ಬಿಡಲು ಹೋದಾಗ ಅದೇ ಕಟ್ಟಡ ಗುರುತೇ ಸಿಗಲಿಲ್ಲ. ಗೋಡೆಯೆಲ್ಲ ಬೂಸ್ಟು. ಬಟ್ಟೆ ಒಣಗಿಸಲು ಜಾಗ ಇಲ್ಲ, ಹುಡುಗರು ಮಂಚದಿಂದ ಮಂಚಕ್ಕೆ ದಾರ ಕಟ್ಟಿ ಒದ್ದೆ ಬನಿಯನ್ ನೇತು ಹಾಕಿದ್ದರು. ಮಗ ಒಂದು ವರ್ಷ ಕೆಮ್ಮಿದ. ಆ ಕಾಲೇಜಿನ ಪಾಠ ಚೆನ್ನಾಗಿಯೇ ಇತ್ತು, ಅದು ಬೇರೆ ಮಾತು.

ಹಾಗಾಗಿ ವಾರದ ಮಧ್ಯೆ ಹೋಗಿ, ಕ್ಲಾಸು ನಡೆಯುವಾಗ. ದಿನಕ್ಕೆ ಒಂದೇ ಕಾಲೇಜು, ಜಾಸ್ತಿ ಅಂದರೆ ಎರಡು. ಆಫೀಸಿನಲ್ಲಿ ಕೊಡುವ ಬಣ್ಣದ ಪುಸ್ತಕ ತಗೊಂಡು ಚೀಲಕ್ಕೆ ಹಾಕಿ, ಬಿಚ್ಚಬೇಡಿ. ಆಮೇಲೆ ನೀವಿಬ್ಬರೂ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯ ಹತ್ತಿರ ಕೂರಿ. ಯಾವ ಡಿಪಾರ್ಟ್‌ಮೆಂಟಿನಲ್ಲಿ ನೋಟ್ಸ್ ಕೊಡುತ್ತಾರೆ, ಎಲ್ಲಿ ಮೇಷ್ಟ್ರೇ ಇಲ್ಲ, ಪ್ರಾಕ್ಟಿಕಲ್ ಜರ್ನಲ್ಲನ್ನು ಯಾರು ಯಾರದನ್ನು ನೋಡಿ ಬರೆಯುತ್ತಾರೆ, ಅಂಗಡಿಯವನಿಗೆ ಗೊತ್ತಿಲ್ಲದ್ದು ಇಲ್ಲ. ಮಗಳನ್ನು ಒಬ್ಬಳೇ ಒಳಗೆ ಕಳಿಸಿ, ಎರಡು ತಾಸು. ಕ್ಯಾಂಟೀನಿನಲ್ಲಿ ಊಟ ಮಾಡಲಿ, ಹಾಸ್ಟೆಲ್ ಹುಡುಗಿಯರನ್ನು ಮಾತಾಡಿಸಲಿ. ನೀವು ಜೊತೆಗಿದ್ದರೆ ಆ ಹುಡುಗಿಯರು ‘ಎಲ್ಲಾ ಚೆನ್ನಾಗಿದೆ ಆಂಟಿ’ ಅನ್ನುತ್ತಾರೆ, ಅಷ್ಟೇ.

ಇನ್ನೊಂದು ಕೆಲಸ, ಇದನ್ನು ಯಜಮಾನರು ಒಪ್ಪಲಿಕ್ಕಿಲ್ಲ. ವಾಪಸ್ ಬರುವಾಗ ಅವರು ಕಾರು ತರಲಿ, ನೀವು ಮತ್ತು ಮಗಳು ಬಸ್ಸಿನಲ್ಲಿ ಬನ್ನಿ. ಮಂಗಳೂರಿನಿಂದಾದರೆ ಕೊಂಕಣ ರೈಲಿನಲ್ಲಿ ಕುಮಟಾಕ್ಕೆ ಬಂದು, ಅಲ್ಲಿಂದ ಘಟ್ಟ ಹತ್ತುವ ಬಸ್ಸು. ನಾಲ್ಕು ವರ್ಷ ಅವಳು ಊರಿಗೆ ಬರುವುದು ಹಾಗೇ ತಾನೆ? ಕುಮಟಾದಿಂದ ಶಿರಸಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಶಿರಸಿಯಿಂದ ನಿಮ್ಮ ಹಳ್ಳಿಗೆ ಆಮೇಲೆ ಏನಾದರೂ ಇದೆಯಾ? ಚೌತಿಗೆ ಮಗಳು ಮನೆಗೆ ಬರುತ್ತಾಳೋ ಇಲ್ಲವೋ ಎನ್ನುವುದು ಕಾಲೇಜಿನ ಕಟ್ಟಡಕ್ಕಿಂತ ಆ ಬಸ್ಸಿನ ಮೇಲೆ ನಿಂತಿದೆ.

ಆಪ್ಷನ್ ಎಂಟ್ರಿಗೆ ಅಷ್ಟು ಗಾಬರಿ ಬೇಡ. ಮೊದಲು ಅಣಕು ಹಂಚಿಕೆ ಮಾಡುತ್ತಾರೆ, ಅಂದರೆ ಯಾವ ಸೀಟು ಸಿಗಬಹುದೆಂದು ತೋರಿಸುವ ತಾಲೀಮು. ಅದನ್ನು ನೋಡಿ ಕ್ರಮ ಬದಲಿಸಬಹುದು.

ಪ್ರಶ್ನೆ: ನಾನು ಕಾರವಾರದ ಹುಡುಗ, ಪಿಯುಸಿ. ಮೀನು, ಕಡಲ ಜೀವಿಗಳ ಬಗ್ಗೆ ಓದುವ ಆಸೆ. ಕಾಲೇಜು ನೋಡಲು ಎಲ್ಲಿಗೆ ಹೋಗಲಿ? ನಮ್ಮಲ್ಲಿ ಕಾರಿಲ್ಲ.

ಉತ್ತರ: ಕಾರು ಯಾಕೆ? ಕೋಡಿಬಾಗಕ್ಕೆ ನಡೆದು ಹೋಗು. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಅಲ್ಲೇ ಇದೆ. ಅದು ಎಂಎಸ್ಸಿಗೆ, ಮೊದಲು ನೀನು ಬಿಎಸ್ಸಿ ಮುಗಿಸಬೇಕು. ನೇರವಾಗಿ ಮೀನುಗಾರಿಕೆಯನ್ನೇ ಓದುವುದಿದ್ದರೆ ಮಂಗಳೂರಿನ ಮೀನುಗಾರಿಕೆ ಕಾಲೇಜು, 1969ರಲ್ಲಿ ಶುರುವಾದದ್ದು, ದೇಶಕ್ಕೇ ಮೊದಲನೆಯದು. ಅದನ್ನು ನೋಡಲು ರೈಲಿದೆ. ಆದರೆ ಅದಕ್ಕೂ ಮೊದಲು ಬೆಳಿಗ್ಗೆ ಬೇಗ ಎದ್ದು ಬೈತಖೋಲ ಬಂದರಿಗೆ ಹೋಗಿ ದೋಣಿಯಿಂದ ಮೀನು ಇಳಿಸುವುದನ್ನು ಒಂದು ವಾರ ನೋಡು. ವಾಸನೆ ತಡೆದುಕೊಂಡರೆ ಟಿಕೆಟ್ ಮಾಡಿಸು.