ಓದುಗರ ಪ್ರಶ್ನೆ: ಒಂದೇ ಕೆಲಸಕ್ಕೆ ಎರಡು ಅಂಕ ಬಂದಾಗ

ಪ್ರಶ್ನೆ: ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿದ್ದೇನೆ. ಹೊಲಿದ ಅಂಗಿಗಳಲ್ಲಿ ಉಳಿದ ದಾರವನ್ನು ಟ್ರಿಮ್ಮರ್‌ನಿಂದ ಕತ್ತರಿಸುವ ಹೆಂಗಸರು ಮಣಿಕಟ್ಟಿನ ನೋವು ಹೇಳುತ್ತಿದ್ದುದರಿಂದ, ಇಬ್ಬರು ಪರಿಣತರಿಂದ ಸ್ಟ್ರೇನ್ ಇಂಡೆಕ್ಸ್ (ಕೆಲಸದಿಂದ ಕೈ, ಮಣಿಕಟ್ಟಿಗೆ ಆಗಬಹುದಾದ ಅಪಾಯಕ್ಕೆ ಅಂಕ ಕೊಡುವ ವಿಧಾನ) ಮೌಲ್ಯಮಾಪನ ಮಾಡಿಸಿದೆವು. ಒಂದೇ ವಿಡಿಯೊ ನೋಡಿದ ಅವರಲ್ಲಿ ಒಬ್ಬರು 9, ಮತ್ತೊಬ್ಬರು 3 ಅಂಕ ಕೊಟ್ಟಿದ್ದಾರೆ. ಇಬ್ಬರ ಹಾಳೆಗಳನ್ನೂ ಕಳಿಸಿದ್ದೇನೆ. ಯಾರನ್ನು ನಂಬುವುದು?

ಉತ್ತರ: ಮೂರ್ ಮತ್ತು ಗರ್ಗ್ 1995ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಬಲದ ತೀವ್ರತೆ, ಬಲ ಹಾಕುವ ಅವಧಿ, ನಿಮಿಷಕ್ಕೆ ಎಷ್ಟು ಬಾರಿ, ಮಣಿಕಟ್ಟಿನ ಭಂಗಿ, ವೇಗ, ದಿನಕ್ಕೆ ಎಷ್ಟು ಗಂಟೆ ಎಂಬ ಆರು ಅಂಶಗಳಿಗೆ ಗುಣಕಗಳಿದ್ದು, ಅವನ್ನು ಒಂದಕ್ಕೊಂದು ಗುಣಿಸಲಾಗುತ್ತದೆ, ಫಲ 3 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕೆಲಸ ಬಹುಶಃ ಸುರಕ್ಷಿತ, 7 ಅಥವಾ ಹೆಚ್ಚಿದ್ದರೆ ಬಹುಶಃ ಅಪಾಯಕರ. ನಿಮ್ಮ ಇಬ್ಬರೂ ತೀವ್ರತೆ, ವೇಗ ಮತ್ತು ದಿನದ ಗಂಟೆಗಳಲ್ಲಿ ಒಂದೇ ಗುಣಕ ಹಾಕಿದ್ದಾರೆ. ಉಳಿದ ಮೂರರಲ್ಲಿ ಮೊದಲನೆಯವರದು 2, 3, 1.5, ಎರಡನೆಯವರದು 1.5, 2, 1. ಪ್ರತಿ ಅಂಶದಲ್ಲೂ ವ್ಯತ್ಯಾಸ ಒಂದೇ ಮೆಟ್ಟಿಲು, ಆದರೆ ಗುಣಿಸಿದಾಗ ಅಂಕ ಮೂರು ಪಟ್ಟಾಗಿದೆ. ಹೀಗಾಗಿ ಇವರಲ್ಲಿ ಒಬ್ಬರು ಅಸಮರ್ಥರೆಂದು ತೀರ್ಮಾನಿಸಲು ಕಾರಣವಿಲ್ಲ.

ಎಣಿಕೆಯ ವಿಷಯವನ್ನೇ ನೋಡಿ. ಒಬ್ಬರು ಟ್ರಿಮ್ಮರ್ ಒತ್ತಿದ್ದನ್ನು ಮಾತ್ರ ಎಣಿಸಿ ನಿಮಿಷಕ್ಕೆ 18 ಎಂದು ಬರೆದಿದ್ದಾರೆ. ಮತ್ತೊಬ್ಬರು ಅದೇ ಕೈಯಿಂದ ಅಂಗಿಯನ್ನು ಎಳೆದು ಹೊರಳಿಸಿದ್ದನ್ನೂ ಸೇರಿಸಿ 24 ಎಂದಿದ್ದಾರೆ. ಗುಣಕ 2ರಿಂದ 3ಕ್ಕೆ ಏರುವ 20ರ ಗಡಿ ಈ ಎರಡರ ನಡುವೆ ಬಿದ್ದಿದೆ. ಯಾವುದನ್ನು ‘ಒಂದು ಬಲಪ್ರಯೋಗ’ ಎನ್ನಬೇಕೆಂದು ವಿಡಿಯೊ ನೋಡುವ ಮೊದಲೇ ಬರೆದಿಟ್ಟುಕೊಂಡಿದ್ದರೆ ಈ ಭಿನ್ನಾಭಿಪ್ರಾಯ ಹುಟ್ಟುತ್ತಲೇ ಇರಲಿಲ್ಲ. ಮಣಿಕಟ್ಟಿನ ಭಂಗಿಯದು ಬೇರೆ ತೊಡಕು: ತೋಳು, ಬೆನ್ನಿನಂಥ ದೊಡ್ಡ ಅಂಗಗಳ ಬಾಗುವಿಕೆಯನ್ನು ಕಣ್ಣಳತೆಯಲ್ಲಿ ಹೇಳಬಹುದಾದರೂ, ಬಟ್ಟೆಯ ಮಡಿಕೆಯಲ್ಲಿ ಅರ್ಧ ಮರೆಯಾಗಿ ಕ್ಷಣಕ್ಷಣಕ್ಕೂ ತಿರುಗುವ ಮಣಿಕಟ್ಟಿನ ಕೋನ ಒಂದೇ ಕಡೆಯಿಂದ ತೆಗೆದ ವಿಡಿಯೊದಲ್ಲಿ ಸಿಗುವುದು ಕಷ್ಟ.

ಬಲದ ತೀವ್ರತೆಯಲ್ಲಿ ಇಬ್ಬರೂ ‘ಹಗುರ’ ಎಂದು ಒಪ್ಪಿರುವುದೇ ನನಗೆ ಹೆಚ್ಚು ಸಂದೇಹ ತಂದಿದೆ. ಇಲ್ಲಿ ಒಂದು ಮೆಟ್ಟಿಲು ಏರಿದರೆ ಗುಣಕ 1ರಿಂದ 3ಕ್ಕೆ ಹೋಗುತ್ತದೆ. ಶ್ರಮ ಎದ್ದು ಕಾಣುತ್ತಿದೆಯೇ, ಮುಖಭಾವ ಬದಲಾಗುತ್ತಿದೆಯೇ ಎಂಬುದು ನೋಡುಗರಿಗಿರುವ ಸುಳಿವು. ವರ್ಷಗಟ್ಟಲೆ ಇದೇ ಕೆಲಸ ಮಾಡಿದವರ ಮುಖ ಏನನ್ನೂ ಹೇಳದಿರಬಹುದು, ಟ್ರಿಮ್ಮರ್‌ನ ಅಲಗು ಮೊಂಡಾಗಿದ್ದರೆ ಅದೂ ವಿಡಿಯೊದಲ್ಲಿ ಕಾಣುವುದಿಲ್ಲ. ಆ ಹೆಂಗಸರಿಗೇ ಬೋರ್ಗ್ ಅವರ 0ರಿಂದ 10ರ ಮಾಪಕ ತೋರಿಸಿ, ಎಷ್ಟು ಬಲ ಬೇಕಾಗುತ್ತದೆಂದು ಕೇಳಿ. ಸೂಪರ್‌ವೈಸರ್ ಪಕ್ಕದಲ್ಲಿಲ್ಲದಾಗ ಕೇಳುವುದು ಒಳ್ಳೆಯದು.

ಆದ್ದರಿಂದ 9 ಮತ್ತು 3ರ ಸರಾಸರಿ ತೆಗೆದು 6 ಎಂದು ವರದಿ ಬರೆಯಬೇಡಿ. ಇಬ್ಬರನ್ನೂ ಕೂರಿಸಿ, ಬೇರೆಯಾದ ಮೂರು ಅಂಶಗಳನ್ನು ಮಾತ್ರ ಎರಡು ಕೋನಗಳಿಂದ ತೆಗೆದ ಹೊಸ ವಿಡಿಯೊದಲ್ಲಿ, ಒಬ್ಬರಿಗಿಂತ ಹೆಚ್ಚು ಕೆಲಸಗಾರರ ಮೇಲೆ, ಮತ್ತೆ ಅಳೆಸಿ.

ಪ್ರಶ್ನೆ: ಕಾರ್ಖಾನೆಯ ಬೇರೆ 50 ಕೆಲಸಗಳಲ್ಲಿ ಇದೇ ಇಬ್ಬರ ತೀರ್ಪು 44ರಲ್ಲಿ, ಅಂದರೆ ಶೇ. 88ರಷ್ಟು, ಹೊಂದಿಕೆಯಾಗಿದೆ. ಇದು ಸಾಲದೇ?

ಉತ್ತರ: ನಿಮ್ಮ ಪಟ್ಟಿಯಲ್ಲಿ ಇಬ್ಬರೂ ತಲಾ 45 ಕೆಲಸಗಳನ್ನು ಸುರಕ್ಷಿತವೆಂದೂ 5ನ್ನು ಅಪಾಯಕರವೆಂದೂ ಗುರುತಿಸಿದ್ದಾರೆ. ಹೀಗೆ ಬಹುಪಾಲು ಒಂದೇ ಕಡೆಗಿದ್ದರೆ, ನೋಡದೆ ಗುರುತು ಹಾಕಿದರೂ ಶೇ. 82ರಷ್ಟು ಹೊಂದಿಕೆ ಆಕಸ್ಮಿಕವಾಗಿ ಬಂದುಬಿಡುತ್ತದೆ. ಜೇಕಬ್ ಕೋಹೆನ್ 1960ರಲ್ಲಿ ಸೂಚಿಸಿದ ಕಪ್ಪಾ ಎಂಬ ಅಳತೆ ಈ ಆಕಸ್ಮಿಕ ಭಾಗವನ್ನು ಕಳೆಯುತ್ತದೆ: 88ರಲ್ಲಿ 82 ಕಳೆದು ಉಳಿದ 6ನ್ನು, 100ರಲ್ಲಿ 82 ಕಳೆದು ಉಳಿಯುವ 18ರಿಂದ ಭಾಗಿಸಿದರೆ ಸುಮಾರು 0.33. ಪೂರ್ಣ ಹೊಂದಿಕೆಗೆ ಇದು 1 ಆಗಬೇಕಿತ್ತು. ನಿಮಗೆ ಬೇಕಾದ ಅಪಾಯಕರ ಕೆಲಸಗಳಲ್ಲಿ ಇಬ್ಬರೂ ಒಪ್ಪಿರುವುದು ಎರಡರಲ್ಲಿ ಮಾತ್ರ. ಇಂಥ ಏಕಪಕ್ಷೀಯ ಪಟ್ಟಿಯಲ್ಲಿ ಕಪ್ಪಾ ಸುಲಭವಾಗಿ ಕುಸಿಯುತ್ತದೆ ಎಂಬುದೂ ನಿಜ. ಆದ್ದರಿಂದ ಶೇಕಡಾವಾರು, ಕಪ್ಪಾ ಎರಡನ್ನೂ ವರದಿಯಲ್ಲಿ ಕೊಡಿ. ಇಬ್ಬರ ಹೊಂದಿಕೆ ಎಷ್ಟೇ ಚೆನ್ನಾಗಿದ್ದರೂ ಇಬ್ಬರೂ ಒಂದೇ ರೀತಿ ತಪ್ಪಿರಬಹುದಾದ್ದರಿಂದ, ಕಾರ್ಖಾನೆಯ ಚಿಕಿತ್ಸಾ ಕೊಠಡಿಯ ರಿಜಿಸ್ಟರಿನಲ್ಲಿ ಮಣಿಕಟ್ಟಿನ ನೋವೆಂದು ಬಂದವರು ಯಾವ ಟೇಬಲಿನವರೆಂಬುದನ್ನು, ಹೆಸರು ಬಿಟ್ಟು, ಈ ಪಟ್ಟಿಯ ಜೊತೆ ಹೋಲಿಸಿ ನೋಡಿ.