ಡಲ್ಲಾಸೋ ಮ್ಯೂನಿಕ್ಕೋ: ಸಂಬಳದಾಚೆಗೆ ನೋಡಬೇಕಾದ ಸಂಗತಿಗಳು

ಅಮೆರಿಕದ ಡಲ್ಲಾಸ್‌ನ ಸಂಬಳ ಜರ್ಮನಿಯ ಮ್ಯೂನಿಕ್‌ಗಿಂತ ಬಹಳ ಹೆಚ್ಚಿದೆ, ಒಂದೆರಡು ವರ್ಷಗಳಲ್ಲಿ ಮಗು ಬೇಕೆಂಬ ಯೋಚನೆಯೂ ಇದೆ, ಯಾವ ಊರನ್ನು ಆರಿಸಲಿ ಎಂದು ಕೇಳಿದ್ದೀರಿ. ನಿಮ್ಮ ಸ್ಥಿತಿಯಲ್ಲಿ ಮ್ಯೂನಿಕ್ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದಲ್ಲಿ 1993ರ ಫೆಡರಲ್ ಕಾನೂನು ಹೆರಿಗೆಗೆ ಕೊಡುವುದು 12 ವಾರಗಳ ಸಂಬಳರಹಿತ ರಜೆಯನ್ನು ಮಾತ್ರ. ಅದೂ ಕನಿಷ್ಠ 50 ನೌಕರರಿರುವ ಕಂಪನಿಯಲ್ಲಿ ಒಂದು ವರ್ಷ ದುಡಿದವರಿಗೆ. ಅದಕ್ಕಿಂತ ಹೆಚ್ಚಿನದು ಕಂಪನಿಯ ಅಥವಾ ರಾಜ್ಯದ ಔದಾರ್ಯಕ್ಕೆ ಬಿಟ್ಟದ್ದು. ಜರ್ಮನಿಯಲ್ಲಾದರೋ ಉದ್ಯೋಗದಲ್ಲಿರುವ ತಾಯಿಗೆ ಹೆರಿಗೆಗೆ ಮುಂಚೆ 6 ವಾರ, ಅನಂತರ 8 ವಾರ ವೇತನಸಹಿತ ರಜೆಯಿದೆ. ಆಮೇಲೆ ತಂದೆತಾಯಿಗಳಿಬ್ಬರೂ, ಕೆಲಸ ಕಳೆದುಕೊಳ್ಳುವ ಭಯವಿಲ್ಲದೆ, ತಲಾ ಮೂರು ವರ್ಷಗಳವರೆಗೆ ಮಗುವಿನ ಆರೈಕೆಗೆ ಬಿಡುವು ಪಡೆಯಬಹುದು.

ಕೆಲಸ ಹೋದಾಗಿನ ಪಾಡನ್ನೂ ದಯವಿಟ್ಟು ಯೋಚಿಸಿ. ಅಮೆರಿಕದ ಎಚ್‌-1ಬಿ ಉದ್ಯೋಗ ವೀಸಾದವರಿಗೆ ಹೊಸ ಕೆಲಸ ಹುಡುಕಲು ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನ, ಜೊತೆಗೆ ಕಂಪನಿ ಕೊಡಿಸಿದ್ದ ಆರೋಗ್ಯ ವಿಮೆಯೂ ನಿಲ್ಲುತ್ತದೆ. ಮುಂದುವರಿಸಬೇಕೆಂದರೆ ಪೂರ್ತಿ ಕಂತನ್ನು ಕೈಯಿಂದಲೇ ಕಟ್ಟಬೇಕಾಗುತ್ತದೆ. ಮನೆಯಲ್ಲಿ ಹಸುಗೂಸಿರುವಾಗ ಅದು ಸಣ್ಣ ಚಿಂತೆಯಲ್ಲ.

ಮ್ಯೂನಿಕ್‌ನಲ್ಲಿ ಬಾಡಿಗೆ ದುಬಾರಿ, ಶಿಶುವಿಹಾರದಲ್ಲಿ ಜಾಗ ಸಿಗುವುದು ಕಷ್ಟ, ಜರ್ಮನ್ ಕಲಿಯದೆ ಬದುಕು ಹಗುರಾಗದು. ಡಲ್ಲಾಸ್ ಇರುವ ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲದ್ದರಿಂದ, ಬೇಗ ಹಣ ಕೂಡಿಸಿ ಊರಿಗೆ ಮರಳುವುದೊಂದೇ ಗುರಿಯಾಗಿದ್ದರೆ ಡಲ್ಲಾಸ್ ಸರಿಯಾದ ಆಯ್ಕೆ.